ಚಪ್ಪಾಳೆಯ ಬೆಲೆ

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1860ರಲ್ಲಿ ಮೂವರು ಮಹಿಳೆಯರು ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗರಿಗಾಗಿ ಸಂಘವೊಂದನ್ನು ಆರಂಭಿಸಿದರು. ಇಂದಿನ ‘ಬಾಯ್ಸ್ ಅಂಡ್ ಗರ್ಲ್ಸ್ ಕ್ಲಬ್’ಗಳ ಮೂಲವೇ ಅದು. ಇಂಥ ಸಂಸ್ಥೆಗಳು ಅಲ್ಲಿ ನಿಧಿಸಂಗ್ರಹದ ಔತಣಕೂಟ ಏರ್ಪಡಿಸಿ, ಊರಿನ ಉದ್ಯಮಿಗಳನ್ನು ವೇದಿಕೆಗೆ ಕರೆದು ಸನ್ಮಾನಿಸುವುದು ವಾಡಿಕೆ. ಅವರ ಮಿತ್ರರೂ ವ್ಯವಹಾರದ ಒಡನಾಡಿಗಳೂ ಮೇಜುಗಳನ್ನು ಕೊಳ್ಳುತ್ತಾರೆ. ಆ ಹಣದಿಂದ ಮಕ್ಕಳ ಪಾಠ, ಆಟಗಳು ಸಾಗುತ್ತವೆ.

ಇದು ದಾನವೋ, ವ್ಯಾಪಾರವೋ? ಅಲ್ಲಿಯ ತೆರಿಗೆ ಕಾನೂನು ಅರ್ಧ ಉತ್ತರ ಕೊಡುತ್ತದೆ. ಟಿಕೆಟ್ಟಿನ ಹಣದಲ್ಲಿ ಊಟದ ಮೌಲ್ಯ ಕಳೆದು ಉಳಿದದ್ದಷ್ಟೇ ದಾನ. ಪಾವತಿ 75 ಡಾಲರ್ ಮೀರಿದರೆ ಆ ಲೆಕ್ಕವನ್ನು ಸಂಸ್ಥೆಯೇ ಬರೆದು ತಿಳಿಸಬೇಕು. ಆದರೆ ಚಪ್ಪಾಳೆಯ ಮೌಲ್ಯವನ್ನು ಕಾನೂನು ಕಳೆಯುವುದಿಲ್ಲ. ಆ ಲೆಕ್ಕ ಮನಸ್ಸಾಕ್ಷಿಯದು.

ಗುಟ್ಟಾಗಿ ಕೊಡಿರೆಂದು ಪ್ರಭು ಯೇಸು ಬೋಧಿಸಿದರು. ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ದಾನಕ್ಕೆ 8 ಮೆಟ್ಟಿಲುಗಳನ್ನು ಹೇಳಿದನು. ಕೊಟ್ಟವನೂ ಪಡೆದವನೂ ಪರಸ್ಪರ ಅರಿಯದ ದಾನ ಅವನಿಗೆ ಎರಡನೆಯದು. ಅದಕ್ಕಿಂತ ಮೇಲಿನದು, ಬಡವನಿಗೆ ಸಾಲವನ್ನೋ ಪಾಲುಗಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಅವನನ್ನು ಸ್ವಂತ ಕಾಲಮೇಲೆ ನಿಲ್ಲಿಸುವುದು. ಅದು ಉದ್ಯಮಿಗೇ ಸುಲಭಸಾಧ್ಯವಾದ ದಾನವಲ್ಲವೇ?

ಆದ್ದರಿಂದ ಸನ್ಮಾನ ತಪ್ಪಲ್ಲ. ಆದರೆ ಅದಕ್ಕೆ ಚೆಕ್ಕಿನ ಮೊತ್ತವೇ ಅಳತೆಯಾಗಬಾರದು. ತರುಣರಿಗೆ ಕಸುಬು ಕಲಿಸಿ, ನ್ಯಾಯವಾದ ಕೂಲಿ ಕೊಟ್ಟವನಿಗೆ ಹಾರ ಹಾಕೋಣ. ವೇದಿಕೆಯನ್ನು ಮಕ್ಕಳೂ ನೋಡುತ್ತಿರುತ್ತಾರೆ. ಗೌರವವೆಂಬುದು ಕೊಳ್ಳುವ ವಸ್ತುವೋ, ಗಳಿಸುವ ವಸ್ತುವೋ ಎಂಬ ಪಾಠವನ್ನು ಅವರು ಕಲಿಯುವುದು ಅಲ್ಲಿಯೇ.