ಸುಂದರ ವಸ್ತುವಿಗೆ ಪಾಪ ಅಂಟುತ್ತದೆಯೇ?

ಕಲೆಯ ಸೌಂದರ್ಯವನ್ನು ಅದರ ಸುತ್ತಲಿನ ಕ್ರೌರ್ಯದಿಂದ ಬೇರ್ಪಡಿಸಿ ನೋಡಬಹುದೇ? ಈ ಹಳೆಯ ಪ್ರಶ್ನೆಯನ್ನು ನಾವು ಒಂದು ವಾದ್ಯದ ನೆಪದಲ್ಲಿ ಕೇಳಿಕೊಳ್ಳೋಣ.

ಈಗಿನ ದಕ್ಷಿಣ ಇರಾಕಿನಲ್ಲಿ ಸುಮೇರಿಯನ್ನರ ಉರ್ ನಗರವಿತ್ತು. ಅಲ್ಲಿ 1922ರಿಂದ 1934ರವರೆಗೆ ಉತ್ಖನನ ನಡೆಸಿದ ಲಿಯೊನಾರ್ಡ್ ವೂಲಿಯವರಿಗೆ, ಸುಮಾರು 4,500 ವರ್ಷಗಳ ಹಿಂದಿನ ರಾಜಸಮಾಧಿಗಳಲ್ಲಿ ಲೈರ್ ಎಂಬ ತಂತಿವಾದ್ಯಗಳು ದೊರೆತವು. ಕೆಲವುಗಳ ಮುಂಭಾಗದಲ್ಲಿ ಗೂಳಿಯ ತಲೆ. ಮರದ ತಲೆಯ ಮೇಲೆ ತೆಳುವಾದ ಚಿನ್ನದ ತಗಡನ್ನು ಬಡಿದು ಕೂರಿಸಿ, ಗಡ್ಡಕ್ಕೆ ರಾಜಾವರ್ತವೆಂಬ ನೀಲಿ ಕಲ್ಲನ್ನು ಜೋಡಿಸಿದ್ದಾರೆ. ಇನ್ನೊಂದಕ್ಕೆ ಮೈಯೆಲ್ಲ ಬೆಳ್ಳಿಯ ಹೊದಿಕೆ. ಸುಮೇರಿನ ಮಣ್ಣಿನಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ. ನೀಲಿ ಕಲ್ಲಂತೂ ದೂರದ ಅಫಘಾನಿಸ್ತಾನದ ಬಡಖ್ಶಾನದಿಂದ ಬರಬೇಕಾಗಿತ್ತು. ನುಡಿಸುವ ವಾದ್ಯವೊಂದಕ್ಕೆ ಇಷ್ಟೊಂದು ಶ್ರಮ! ಮಾನವಕುಲದ ಬಗ್ಗೆ ನಮಗೆ ಅಭಿಮಾನ ಹುಟ್ಟುವುದು ಸಹಜವೇ.

ಆದರೆ ಆ ವಾದ್ಯಗಳು ಒಂಟಿಯಾಗಿ ದೊರೆಯಲಿಲ್ಲ. ‘ಮಹಾ ಮೃತ್ಯುಕೂಪ’ವೆಂದು ವೂಲಿ ಕರೆದ ಒಂದೇ ಗುಂಡಿಯಲ್ಲಿ ಅವರು 74 ಜನರ ಅಸ್ಥಿಗಳನ್ನು ಎಣಿಸಿದರು, ಅವರಲ್ಲಿ 68 ಮಂದಿ ಸ್ತ್ರೀಯರು. ರಾಣಿ ಪುಆಬಿಯ ಸಮಾಧಿಯಲ್ಲಿಯೂ ವಾದ್ಯದ ಅವಶೇಷಗಳ ಮೇಲೆಯೇ ಅದನ್ನು ನುಡಿಸುತ್ತಿದ್ದವಳ ಎಲುಬುಗಳು ಒರಗಿದ್ದವೆಂದು ಬರೆದಿದ್ದಾರೆ.

ಇವರೆಲ್ಲ ವಿಷ ಕುಡಿದು ಸ್ವಇಚ್ಛೆಯಿಂದಲೇ ಒಡೆಯರ ಹಿಂದೆ ಹೋದರೆಂದು ವೂಲಿಯವರ ಊಹೆ. ಕೇಳುವವರಿಗೆ ಅದೊಂದು ಸಮಾಧಾನ. ಆದರೆ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದವರು ಅಲ್ಲಿಯ ಎರಡು ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನಿನಿಂದ ಪರೀಕ್ಷಿಸಿದಾಗ, ಮೊನಚಾದ ಆಯುಧದ ಪೆಟ್ಟಿನ ಗುರುತು ಕಂಡಿತು. ಈ ಸಂಗತಿ 2009ರಲ್ಲಿ ಪ್ರಕಟವಾಯಿತು. ಸ್ವಇಚ್ಛೆಯೇ ಎಂದಿಟ್ಟುಕೊಂಡರೂ, ಬೇಡವೆನ್ನಲು ದಾರಿಯಿಲ್ಲದವರ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ?

ಹಾಗಾದರೆ ಆ ಚಿನ್ನದ ಗೂಳಿಯನ್ನು ಮೆಚ್ಚುವುದು ತಪ್ಪೇ? ಅಲ್ಲವೆಂದೇ ನಮ್ಮ ಭಾವನೆ. ತಗಡು ಬಡಿದ ಅಕ್ಕಸಾಲಿಯ ಕೈಚಳಕ ಅರಸನ ಅಪ್ಪಣೆಗಿಂತ ದೊಡ್ಡದು. ಪಾಪ ಅಂಟಿರುವುದು ಲೋಹಕ್ಕಲ್ಲ. ವಾದ್ಯದ ಜೊತೆಗೆ ವಾದಕಿಯನ್ನೂ ಸಾಮಾನುಗಳ ಪಟ್ಟಿಗೆ ಸೇರಿಸಿದ ಮನಸ್ಸಿಗೆ. ಅದರ ಲೆಕ್ಕದಲ್ಲಿ ಎರಡೂ ಒಡೆಯರ ಒಡವೆಗಳೇ.

ಆ ಮನಸ್ಸಿನ ನೆರಳು ನಮ್ಮ ಮಾತಿನಲ್ಲಿ ಇನ್ನೂ ಉಳಿದಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆ ವಾದ್ಯ ಇಂದಿಗೂ ‘ರಾಣಿಯ ಲೈರ್’. ಪುಆಬಿಯ ಹೆಸರು ಮುದ್ರೆಯ ಮೇಲೆ ಉಳಿಯಿತು; ನುಡಿಸಿದವಳ ಹೆಸರು ಉಳಿಯಲಿಲ್ಲ. ಮರ ಮಣ್ಣಾದ ಮೇಲೆ ಉಳಿದ ಟೊಳ್ಳಿಗೆ ಪ್ಲಾಸ್ಟರ್ ಹೊಯ್ದು ವೂಲಿ ವಾದ್ಯದ ಆಕಾರವನ್ನು ಮರಳಿ ಪಡೆದರು. ಅಳಿದ ಹೆಸರಿಗೆ ಅಂಥ ಉಪಾಯವಿಲ್ಲ. ನಾವು ಮಾಡಬಹುದಾದದ್ದು ಇಷ್ಟೇ: ಆ ಚಿನ್ನವನ್ನು ಮನಸಾರೆ ಮೆಚ್ಚೋಣ, ಮೆಚ್ಚುವಾಗ ಅದರ ಪಕ್ಕದಲ್ಲಿ ಮಲಗಿದ್ದವರನ್ನು ಬಿಟ್ಟು ಕಥೆ ಹೇಳದಿರೋಣ.