ಕೈಕಸುಬಿನ ಬೆಲೆ: ಒಂದು ಧರ್ಮಜಿಜ್ಞಾಸೆ

ಶರನ್ನವರಾತ್ರಿಯ ದಿನಗಳಲ್ಲಿ ಜಗನ್ಮಾತೆಯನ್ನು ನಾನಾ ರೂಪಗಳಲ್ಲಿ ಆರಾಧಿಸುವ ನಾವು, ಮಹಾನವಮಿಯಂದು ಆಯುಧಗಳನ್ನೂ ಪೂಜಿಸುತ್ತೇವೆ. ಆಯುಧವೆಂದರೆ ಖಡ್ಗವೊಂದೇ ಅಲ್ಲ. ಬಡಗಿಯ ಉಳಿ, ಕಮ್ಮಾರನ ಸುತ್ತಿಗೆ, ನೇಕಾರನ ಲಾಳಿ, ವರ್ತಕನ ತಕ್ಕಡಿ, ಗುಮಾಸ್ತನ ಲೇಖನಿ ಇವೆಲ್ಲವೂ ಅಂದು ಅರಿಸಿನ ಕುಂಕುಮಗಳಿಗೆ ಪಾತ್ರವಾಗುತ್ತವೆ. ಮಹಾನಗರದಲ್ಲಿ ನೆಲೆಸಿದ ನಮ್ಮ ಪಾಲಿಗೆ ಈ ಪೂಜೆ ಬಹುಮಟ್ಟಿಗೆ ಮೋಟಾರು ವಾಹನದ ಮುಂದೆ ಕುಂಬಳಕಾಯಿ ಒಡೆಯುವಲ್ಲಿಗೆ ಬಂದು ನಿಂತಿದೆ, ಅದಂತಿರಲಿ. ಉಪಕರಣಕ್ಕೆ ಕೈಮುಗಿಯುವ ಸಂಪ್ರದಾಯವು ಆ ಉಪಕರಣವನ್ನು ಹಿಡಿದ ಕೈಗೂ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತಿದೆಯೇ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಈ ಪ್ರಶ್ನೆ ಹಬ್ಬದ ಸಾಮಾನು ಕೊಳ್ಳುವಾಗಲೇ ಎದುರಾಗುತ್ತದೆ. ಬೊಂಬೆ ಕೂರಿಸುವ ಗೃಹಿಣಿಯ ಮುಂದೆ ಎರಡು ಬೊಂಬೆಗಳಿವೆ. ಒಂದು, ಕಾರ್ಖಾನೆಯ ಅಚ್ಚಿನಿಂದ ಸಾವಿರಗಟ್ಟಲೆ ಹೊರಬಂದದ್ದು, ಥಳಥಳಿಸುತ್ತದೆ, ಅಗ್ಗವಾಗಿದೆ. ಇನ್ನೊಂದು, ಮರದಲ್ಲಿ ಕೈಯಿಂದ ಕೆತ್ತಿದ್ದು. ಒಂದು ಕಣ್ಣು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದೀತು. ಬೆಲೆ ಹಲವು ಪಟ್ಟು ಹೆಚ್ಚು. ಎರಡನೆಯದನ್ನು ಆರಿಸಿಕೊಳ್ಳುವುದು ಧರ್ಮವೋ, ಅನುಕೂಲಸ್ಥರ ಶೋಕಿಯೋ?

ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವ ಮೊದಲು ಬೊಂಬೆಗಳ ಊರೊಂದನ್ನು ನೋಡುವುದು ಒಳ್ಳೆಯದು. ಹೈದರಾಬಾದಿನಿಂದ ವಿಜಯವಾಡಕ್ಕೆ ಸಾಗುವ ಹೆದ್ದಾರಿಯಲ್ಲಿ, ವಿಜಯವಾಡ ಇನ್ನೂ ಸ್ವಲ್ಪ ದೂರವಿರುವಾಗಲೇ, ಇಬ್ರಾಹಿಂಪಟ್ನಂ ಎಂಬ ಊರು ಸಿಗುತ್ತದೆ. (ಹೈದರಾಬಾದಿನ ಬಳಿಯಲ್ಲಿ ಇದೇ ಹೆಸರಿನ ಮತ್ತೊಂದು ಊರಿದೆ, ನಾನು ಹೇಳುತ್ತಿರುವುದು ಕೃಷ್ಣಾತೀರದ್ದು.) ನಮ್ಮ ಆಲಮಟ್ಟಿಯನ್ನು ದಾಟಿ ಬಂದ ಕೃಷ್ಣೆ ಇಲ್ಲಿ ಹರಿಯುತ್ತಾಳೆ. ಪಟ್ಟಿಸೀಮ ಯೋಜನೆಯ ಕಾಲುವೆಯ ಮೂಲಕ ಗೋದಾವರಿಯ ನೀರು ಕೃಷ್ಣೆಯನ್ನು ಕೂಡುವ ತಾಣವೂ ಇದೇ. 2016ರ ಕೃಷ್ಣಾ ಪುಷ್ಕರದಲ್ಲಿ ಈ ‘ಪವಿತ್ರ ಸಂಗಮ’ದಲ್ಲಿ ಭಕ್ತಾದಿಗಳು ಮಿಂದರು. ಇದೇ ಊರಿನಲ್ಲಿ ದೊಡ್ಡ ಉಷ್ಣವಿದ್ಯುತ್ ಸ್ಥಾವರವೊಂದಿದೆ. ಅದರ ಮೊದಲನೆಯ ಘಟಕ 1979ರಲ್ಲಿ ಕೆಲಸಕ್ಕೆ ತೊಡಗಿತು. ಆ ಸ್ಥಾವರದ ಹೊಗೆಗೊಳವೆಗಳಿಗೆ ಅನತಿದೂರದಲ್ಲಿಯೇ, ಒಂದು ಗುಡ್ಡದ ಬುಡದಲ್ಲಿ, ಕೊಂಡಪಲ್ಲಿ ಎಂಬ ಊರು ತನ್ನ ಉಳಿಗಳನ್ನು ಹಿಡಿದುಕೊಂಡು ಕುಳಿತಿದೆ.

ಕೊಂಡಪಲ್ಲಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. ಕೃಷ್ಣದೇವರಾಯನು ಕಳಿಂಗದ ಗಜಪತಿಯ ಮೇಲೆ ದಂಡೆತ್ತಿ ಹೋದಾಗ, ಸುಮಾರು 1515–16ರಲ್ಲಿ, ಅಲ್ಲಿನ ಗಿರಿದುರ್ಗವನ್ನು ಗೆದ್ದುಕೊಂಡನು. ಆ ಅರಸನ ಹಂಪೆಯ ಮಹಾನವಮಿಯ ವೈಭವವೇ ಮುಂದೆ, 1610ರಲ್ಲಿ, ರಾಜ ಒಡೆಯರಿಂದ ಶ್ರೀರಂಗಪಟ್ಟಣದಲ್ಲಿ ಮರುಹುಟ್ಟು ಪಡೆದು ಮೈಸೂರು ದಸರೆಯಾಯಿತು. ಕೋಟೆ ಪಾಳುಬಿದ್ದಿದೆ. ಬೊಂಬೆ ಉಳಿದಿದೆ. ಅಲ್ಲಿನ ಪ್ರಸಿದ್ಧ ಬೊಂಬೆಗಳಲ್ಲಿ ಅಂಬಾರಿ ಹೊತ್ತ ಆನೆಯೂ ಒಂದೆಂಬುದನ್ನು ನೆನೆದರೆ, ಜಂಬೂಸವಾರಿಯ ನಾಡಿನವರಾದ ನಮಗೆ ಸಂತೋಷವಾಗದೆ ಇರದು.

ಆ ಆನೆ ಹೇಗೆ ಹುಟ್ಟುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು; ಬೆಲೆಯ ವಿಚಾರ ಅದರಲ್ಲಿಯೇ ಅಡಗಿದೆ. ಹತ್ತಿರದ ಗುಡ್ಡಗಳಲ್ಲಿ ಬೆಳೆಯುವ, ತೆಲುಗರು ‘ತೆಲ್ಲ ಪೊಣಿಕಿ’ ಎಂದು ಕರೆಯುವ ಮರ ಬಲು ಹಗುರ, ಬಲು ಮೃದು. ಕಡಿದು ತಂದ ಮರವನ್ನು ಒಣಗಿಸಿ, ತುಂಡುಗಳನ್ನು ಸಣ್ಣ ಬೆಂಕಿಯ ಕಾವಿನಲ್ಲಿಟ್ಟು, ಒಳಗಿನ ಪಸೆಯನ್ನೆಲ್ಲ ಆರಿಸುತ್ತಾರೆ. ಈ ಹಂತದಲ್ಲಿ ಅವಸರಪಟ್ಟರೆ ಬೊಂಬೆ ಮುಂದೊಂದು ದಿನ ಯಾರದೋ ಮನೆಯಲ್ಲಿ ಬಿರುಕುಬಿಡುತ್ತದೆ. ಬಳಿಕ ಆನೆಯ ಮೈ ಬೇರೆ, ಕಾಲು ಬೇರೆ, ಸೊಂಡಿಲು ಬೇರೆ, ಅಂಬಾರಿ ಬೇರೆ ಎಂಬಂತೆ ಭಾಗಭಾಗವಾಗಿ ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟನ್ನು ಕಲಸಿ ಮಾಡಿದ ‘ಮಕ್ಕು’ವಿನಿಂದ ಅವನ್ನು ಕೂಡಿಸುತ್ತಾರೆ. ಸಂದುಗಳು ಮುಚ್ಚುವಂತೆ ಅದನ್ನೇ ತುಂಬಿ ಮೈಯನ್ನು ತಿದ್ದುತ್ತಾರೆ. ಅದು ಒಣಗಿದ ಮೇಲೆ ಸುಣ್ಣದ ಲೇಪ. ಅದೂ ಒಣಗಿದ ಮೇಲೆ ಬಣ್ಣ. ಬಣ್ಣದ ಕೆಲಸದಲ್ಲಿ ಮನೆಯ ಹೆಂಗಸರ ಪಾಲು ಬಹಳ. ಆಡಿನ ಕೂದಲಿನ ಸಣ್ಣ ಕುಂಚದಿಂದ ಕಣ್ಣು ತೆರೆಸಿದಾಗ ಬೊಂಬೆಗೆ ಜೀವ ಬಂದಂತೆ. ಈ ಎಲ್ಲ ಹಂತಗಳ ನಡುವೆ ಬಿಸಿಲಿಗಾಗಿ ಕಾಯಬೇಕು. ಮಳೆ ಹಿಡಿದರೆ ಕೆಲಸವೂ ನಿಂತಿತು, ಗಳಿಕೆಯೂ ನಿಂತಿತು.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಮಾಡುವ ಬೊಂಬೆಗಳನ್ನು ಬಲ್ಲವರಿಗೆ ಈ ವಿವರ ಪರಿಚಿತವೆನಿಸೀತು. ಅಲ್ಲಿಯೂ ಹಗುರವಾದ ಮರ, ಅಲ್ಲಿಯೂ ಹುಣಸೆ ಬೀಜದ ಅಂಟು ಮತ್ತು ಹೊಟ್ಟು. ಅದನ್ನು ಅಲ್ಲಿ ‘ಕಿಟ್ಟ’ ಎನ್ನುತ್ತಾರೆ. ಚನ್ನಪಟ್ಟಣಕ್ಕೂ ಆಂಧ್ರದಲ್ಲಿ ಇಂಥದೇ ಒಬ್ಬ ಸೋದರನಿದ್ದಾನೆ. ವಿಶಾಖಪಟ್ಟಣದ ಕಡೆಯ ಏಟಿಕೊಪ್ಪಾಕದಲ್ಲಿ ಮರವನ್ನು ತಿರುಗಿಸಿ, ತಿರುಗುವ ಮೈಗೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಬೊಂಬೆ ಮಾಡುತ್ತಾರೆ. ಅಲ್ಲಿಯವರ ಅಂಕುಡು ಮರವೂ ನಮ್ಮವರ ಆಲೆ ಮರವೂ ಒಂದೇ ಜಾತಿಯದು. ಪಟ್ಟದ ಬೊಂಬೆಗಳಾದ ರಾಜ ರಾಣಿಯರಿಗೆ ಸಂಪ್ರದಾಯವಾಗಿ ಬಳಸುವ ರಕ್ತಚಂದನವೂ ರಾಯಲಸೀಮೆಯ ಬೆಟ್ಟಗಳದು. ಚನ್ನಪಟ್ಟಣದಲ್ಲಿ ಈ ಕೆಲಸ ಮಾಡುವವರಲ್ಲಿ ಅನೇಕರು ಮುಸಲ್ಮಾನರು. ಭಾಷೆ, ಮತ, ಪ್ರಾಂತಗಳ ಭೇದವಿಲ್ಲದೆ ಎಷ್ಟು ಕೈಗಳು ನಮ್ಮ ಬೊಂಬೆಯ ಮೆಟ್ಟಿಲುಗಳ ಮೇಲೆ ಕೂಡಿ ಕುಳಿತಿವೆ!

ಆದರೆ ಇಷ್ಟರಿಂದ ಕೈಯಿಂದ ಮಾಡಿದ್ದೆಲ್ಲ ಪವಿತ್ರ, ಯಂತ್ರದಿಂದ ಆದದ್ದೆಲ್ಲ ಪಾಪ ಎಂದು ಹೇಳಿಬಿಡುವುದು ಸತ್ಯಕ್ಕೆ ದೂರವಾದೀತು. ಇಂಥ ಮಾತನ್ನು ಸಭೆಗಳಲ್ಲಿ ಕೇಳಿ ಬೇಸತ್ತವರಲ್ಲಿ ನಾನೂ ಒಬ್ಬ. ಕೊಂಡಪಲ್ಲಿಗೆ ಪೇಟೆಯ ಎನಾಮೆಲ್ ಬಣ್ಣ ಬಂದದ್ದು ಕೈಕೆಲಸದ ಮೂಲಕವೇ. ಮರ ವಿರಳವಾದದ್ದರಲ್ಲಿಯೂ ಕೊಡಲಿಯ ಪಾಲಿದೆ. ಏಟಿಕೊಪ್ಪಾಕದಲ್ಲಿ ಅರಿಸಿನ, ನೀಲಿ ಮೊದಲಾದ ಸಸ್ಯಮೂಲದ ಬಣ್ಣಗಳಿಗೆ ಮರಳಬೇಕಾದರೆ ಶ್ರೀ ಸಿ. ವಿ. ರಾಜು ಅವರಂಥವರ ದೀರ್ಘಕಾಲದ ಪ್ರಯೋಗ ಬೇಕಾಯಿತು. ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಚನ್ನಪಟ್ಟಣದಲ್ಲಿ ಇಂದು ಬಹುಪಾಲು ಕಡಚಲು ಯಂತ್ರಗಳು ವಿದ್ಯುತ್ತಿನಿಂದ ತಿರುಗುತ್ತವೆ. ಅಷ್ಟಕ್ಕೇ ಅದು ಕೈಕಸುಬಲ್ಲ ಎನ್ನಲಾದೀತೇ? ಯಂತ್ರದ ಹಾವಳಿಯನ್ನು ಅಷ್ಟು ಕಟುವಾಗಿ ಟೀಕಿಸಿದ ಗಾಂಧೀಜಿಯವರು ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಆ ಯಂತ್ರ ಮನುಷ್ಯನ ಶ್ರಮವನ್ನು ಹಗುರ ಮಾಡುತ್ತದೆ, ಮನುಷ್ಯನನ್ನು ಹೊರಗೆ ಹಾಕುವುದಿಲ್ಲ ಎಂಬುದು ಅವರ ವಿವೇಕ. ಬಡವನ ಮನೆಯ ಮಗುವಿನ ಕೈಗೆ ಹತ್ತು ರೂಪಾಯಿಯ ಪ್ಲಾಸ್ಟಿಕ್ ಚೆಂಡು ಸಿಕ್ಕಿದ್ದರೆ ಅದನ್ನು ಹಳಿಯುವ ಅಧಿಕಾರವೂ ನಮಗಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪವಿದೆ. ಕೈಕಸುಬು ಉಳಿಯಬೇಕೆಂದು ಹೇಳುವವರು ಯಾರು? ನಾವು. ನಮ್ಮ ತಾತಂದಿರು ಬಿಟ್ಟ ಹೊಲವನ್ನೋ, ಮಗ್ಗವನ್ನೋ, ಪೌರೋಹಿತ್ಯವನ್ನೋ ತೊರೆದು, ಓದು ಕಲಿತು, ನೌಕರಿ ಹಿಡಿದು ಮಹಾನಗರ ಸೇರಿದವರು. ನಮ್ಮ ಮಕ್ಕಳು ಇನ್ನೂ ದೂರದ ದೇಶಗಳಿಗೆ ಹೋಗಲೆಂದು ಹರಸುವವರು. ಹೀಗಿರುವಾಗ, ಕೊಂಡಪಲ್ಲಿಯ ಹುಡುಗ ತಂದೆಯ ಉಳಿಯನ್ನೇ ಹಿಡಿದು ಹೊಗೆ ಮತ್ತು ಹೊಟ್ಟಿನ ನಡುವೆ ಕೂತಿರಲಿ, ಪಕ್ಕದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕರೂ ಹೋಗದಿರಲಿ, ನಮ್ಮ ಬೊಂಬೆ ಹಬ್ಬಕ್ಕೆ ಶೋಭೆ ಬರಲಿ ಎಂದು ಬಯಸುವುದು ಯಾವ ನ್ಯಾಯ? ಸಂಸ್ಕೃತಿಯ ಹೆಸರಿನಲ್ಲಿ ಇನ್ನೊಬ್ಬನ ಬಡತನವನ್ನು ಕಾಪಾಡಿಕೊಂಡು ಬರುವುದನ್ನು ಧರ್ಮವೆನ್ನಲಾಗದು.

ಆದುದರಿಂದ ‘ಉಳಿಸಬೇಕು’ ಎಂಬ ಮಾತನ್ನು ನಾನು ಅಷ್ಟಾಗಿ ಒಪ್ಪಲಾರೆ. ಆ ಹುಡುಗ ಉಳಿಯಲಿ, ಹೋಗಲಿ, ಅದು ಅವನ ಇಷ್ಟ. ಆದರೆ ಉಳಿಯುವ ಇಷ್ಟವಿದ್ದೂ ಹೊಟ್ಟೆ ತುಂಬದ ಕಾರಣಕ್ಕೆ ಅವನು ಎದ್ದು ಹೋಗುವಂತಾದರೆ ಅದರಲ್ಲಿ ನಮಗೆ ಪಾಲಿದೆ. ಕೊಳ್ಳುವವರ ಕರ್ತವ್ಯ ಕರುಣೆಯದಲ್ಲ, ಬೆಲೆಯದು. ಕರುಣೆಯಿಂದ ಕೊಂಡವನು ಒಮ್ಮೆ ಕೊಂಡು, ಉಪಕಾರ ಮಾಡಿದೆನೆಂದು ಬೀಗುತ್ತಾನೆ. ಬೆಲೆ ತಿಳಿದು ಕೊಂಡವನು ಮರುವರ್ಷವೂ ಬರುತ್ತಾನೆ, ಕಾಲು ಸಡಿಲವಾದ ಆನೆಯನ್ನು ಹಿಂದಕ್ಕೆ ತಂದು ಸರಿಮಾಡಿಸಿಕೊಳ್ಳುತ್ತಾನೆ, ಕೆಲಸ ಕೆಟ್ಟಿದ್ದರೆ ಕೆಟ್ಟಿದೆ ಎಂದೂ ಹೇಳುತ್ತಾನೆ. ಕುಶಲಿಗನಿಗೆ ಬೇಕಾದ ಮರ್ಯಾದೆ ಅದು.

ಇಲ್ಲಿ ನಮ್ಮ ಶರಣರ ಒಂದು ಕಥೆ ನೆನಪಾಗುತ್ತದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಕಾಯಕದಿಂದ ಸಲ್ಲಬೇಕಾದುದಕ್ಕಿಂತ ಹೆಚ್ಚು ಬಂದರೆ ಅದು ಆಸೆ ಎಂಬುದು ಆ ತಾಯಿಯ ನಿಲುವು. ಈ ಕಥೆಯನ್ನು ನಾವು ಸಾಮಾನ್ಯವಾಗಿ ದುಡಿಯುವವನಿಗೆ ಉಪದೇಶವೆಂದು ಓದುತ್ತೇವೆ. ಕೊಳ್ಳುವವನಿಗೂ ಅದು ಅನ್ವಯಿಸುವುದಿಲ್ಲವೇ? ಕೊಟ್ಟ ಹಣಕ್ಕಿಂತ ಹೆಚ್ಚಿನ ದುಡಿಮೆಯನ್ನು ಮನೆಗೆ ತಂದವನೂ ಹೆಚ್ಚಿನ ಅಕ್ಕಿ ತಂದವನೇ. ದೊಡ್ಡ ಮಳಿಗೆಯಲ್ಲಿ ಡಬ್ಬದ ಮೇಲೆ ಅಚ್ಚಾದ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆತ್ತು ಹೊರಬರುವ ನಾವು, ಬೀದಿಯಲ್ಲಿ ಬೊಂಬೆ ಹರಡಿಕೊಂಡು ಕುಳಿತವಳೊಡನೆ ಅರ್ಧಕ್ಕರ್ಧ ಚೌಕಾಸಿ ಮಾಡುತ್ತೇವೆ. ಗೆದ್ದರೆ ಮನೆಯಲ್ಲಿ ಹೇಳಿ ಹಿಗ್ಗುತ್ತೇವೆ. ಲಕ್ಕಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದರೆ ಒಳಗೆ ಬಿಡುತ್ತಿದ್ದಳೇ?

ಸರಕಾರಗಳು ಏನನ್ನೂ ಮಾಡಿಲ್ಲವೆಂದಲ್ಲ. ಪರದೇಶದ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. ಹೆಗ್ಗೋಡಿನ ಶ್ರೀ ಪ್ರಸನ್ನ ಅವರು ಕೈಉತ್ಪನ್ನಗಳ ಮೇಲೆ ತೆರಿಗೆಯೇ ಇರಬಾರದೆಂದು 2017ರಲ್ಲಿ ಉಪವಾಸ ಕುಳಿತದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಆದರೆ ಸುಂಕ ಹೊರಗಿನ ಪ್ಲಾಸ್ಟಿಕ್ಕನ್ನು ತಡೆದೀತು. ಒಳಗಿನ ಕಾರ್ಖಾನೆಯ ಪ್ಲಾಸ್ಟಿಕ್ಕನ್ನು ತಡೆಯದು. ತೆರಿಗೆ ಇಳಿದರೆ ಆ ಉಳಿತಾಯ ಉಳಿ ಹಿಡಿದವನ ಕೈಗೇ ಸೇರೀತೆಂಬ ಭರವಸೆಯೂ ಇಲ್ಲ. ನಡುವೆ ದಲ್ಲಾಳಿ ಇದ್ದಾನೆ, ಅಂಗಡಿಯ ಬಾಡಿಗೆ ಇದೆ.

ಹಾಗಾದರೆ ನಮ್ಮಂಥ ಸಂಘಗಳಿಂದ ಆಗಬಹುದಾದುದು ಏನು? ಬೊಂಬೆ ಪ್ರದರ್ಶನದ ಬಹುಮಾನಕ್ಕೆ ಸ್ಟೀಲು ಪಾತ್ರೆಯನ್ನೋ ಗಾಜಿನ ಲೋಟವನ್ನೋ ಕೊಡುವ ಬದಲು, ಕಿನ್ನಾಳಕ್ಕೋ ಚನ್ನಪಟ್ಟಣಕ್ಕೋ ಕೊಂಡಪಲ್ಲಿಗೋ ಮೊದಲೇ ಬರೆದು ಬೊಂಬೆಗಳನ್ನು ತರಿಸಬಹುದು. ಕೈಕೆಲಸಕ್ಕೆ ಹಬ್ಬದ ಹಿಂದಿನ ವಾರದಲ್ಲಿ ಬೇಡಿಕೆ ಬಂದರೆ ಪ್ರಯೋಜನವಿಲ್ಲ. ಮರ ಒಣಗಬೇಕು, ಮಕ್ಕು ಒಣಗಬೇಕು, ಸುಣ್ಣ ಒಣಗಬೇಕು. ಮುಂದಿನ ದಸರೆಯ ಬೊಂಬೆಯನ್ನು ಈ ಬೇಸಗೆಯಲ್ಲಿಯೇ ಹೇಳಿಟ್ಟು, ಮುಂಗಡವನ್ನೂ ಕಳುಹಿಸಿದರೆ, ಮಳೆಗಾಲದಲ್ಲಿ ಆ ಮನೆಯ ಒಲೆ ಉರಿಯುತ್ತದೆ.