ಮೌನವೂ ಮೋಸವಾಗುವದೋ?

ಅಂಬಾಸಿಡರ್ ಮೋಟಾರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಆದದರಿಂದ ಈಗ ಅದನ್ನು ಬಯಸುವವನು ಮತ್ತೊಬ್ಬನು ಓಡಿಸಿದ್ದನ್ನೇ ಕೊಳ್ಳಬೇಕು. ಮುಗಳಖೋಡದ ರೈತನೊಬ್ಬನು ಅಂಥದನ್ನು ಕೊಂಡನೆಂದು ಎಣಿಸೋಣ. ಹೊರಗೆ ಬಣ್ಣವು ಹೊಳೆಯುತ್ತದೆ. ಒಳಗೆ ಬೇರಿಂಗು ಸವೆದು, ಸಿಲಿಂಡರಿನ ಗೋಡೆಯು ಗೀರುಬಿದ್ದದೆ. ಮಾರುವವನು ದಪ್ಪ ಎಣ್ಣೆಯನ್ನು ಹೊಯ್ದರೆ ಬಡಿತದ ಸದ್ದು ಕೆಲವು ದಿವಸ ಅಡಗುವದು. ಇಂಜಿನನ್ನು ಬಿಚ್ಚಿದಾಗಲೇ ಸತ್ಯವು ಬೈಲಿಗೆ ಬರುವದು.

ಇದು ಮೋಸವೋ? 1872ರ ಕರಾರು ಕಾಯಿದೆಯ 17ನೆಯ ಕಲಮು, ಗೊತ್ತಿದ್ದ ದೋಷವನ್ನು ಮೋಸಗೊಳಿಸಲಿಕ್ಕಾಗಿ ಮುಚ್ಚಿಡುವದನ್ನು ಮೋಸವೆನ್ನುತ್ತದೆ. ಬರೀ ಮೌನವನ್ನು ಸಾಮಾನ್ಯವಾಗಿ ಹಾಗೆನ್ನುವದಿಲ್ಲ. ಅದರ ದೃಷ್ಟಾಂತದಂತೆ, ದೋಷವುಳ್ಳ ಕುದುರೆಯನ್ನು ಲಿಲಾವಿನಲ್ಲಿ ಸುಮ್ಮನೆ ಮಾರಿದವನು ಮೋಸಗಾರನಲ್ಲ; ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾದರೆ ಅವನು ಹೇಳಲೇಬೇಕು.

ಪ್ರಿಯ ವಾಚಕರೇ, ನಮ್ಮ ಪ್ರಶ್ನೆಯು ಇಲ್ಲಿಯೇ ಉಂಟು. ಮಗಳಿಗೆ ಹೇಳತಕ್ಕದ್ದನ್ನು ನೆರೆಯವನಿಗೆ ಯಾಕೆ ಹೇಳಬಾರದು? ನೋಡಿ ಕೊಳ್ಳುವದು ಅವನ ಕೆಲಸವೆಂಬದು ನಿಜವೇ. ಆದರೆ ಬಿಚ್ಚದೆ ಕಾಣದ್ದನ್ನು ಅವನು ಹೇಗೆ ನೋಡಿಯಾನು? ಅವನಿಗೆ ಕಾಣದ್ದು ನಮಗೆ ಗೊತ್ತಿರುವಲ್ಲಿ, ನಮ್ಮ ಮೌನವೇ ಅವನ ಹಣವನ್ನು ಕಿತ್ತುಕೊಳ್ಳುವದು. ಕಾಯಿದೆಯು ಬಿಟ್ಟದ್ದನ್ನೆಲ್ಲಾ ಮನಸ್ಸಾಕ್ಷಿಯು ಬಿಡುವದಿಲ್ಲ. ಹೀಗಿರಲಾಗಿ, ದೋಷವನ್ನು ಮೊದಲು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೇ ಕೇಳೋಣ.